ಶಾಲೆ ಮುಚ್ಚಿದ ಕಾಲದಲ್ಲಿ ಕುಟುಂಬಗಳಿಗೆ ನೆರವು: ಕರ್ನಾಟಕ, 2020–22

ಕೋವಿಡ್-19ರ ಕಾರಣದಿಂದ ಕರ್ನಾಟಕದ ಶಾಲೆಗಳೂ ಅಂಗನವಾಡಿಗಳೂ 2020ರ ಮಾರ್ಚ್‌ನಲ್ಲಿ ಮುಚ್ಚಿದವು. ಚಿಕ್ಕ ಮಕ್ಕಳ ಪಾಲಿಗೆ ಅವು ಮತ್ತೆ ತೆರೆದದ್ದು 2021ರ ಅಕ್ಟೋಬರ್ ಕೊನೆಯಲ್ಲಿ, ನವೆಂಬರ್ ಮೊದಲಲ್ಲಿ. ಈ ಹತ್ತೊಂಬತ್ತು ತಿಂಗಳು ಮಕ್ಕಳಿರುವ ಮನೆಗಳಿಗೆ ಸರ್ಕಾರದಿಂದ, ಶಿಕ್ಷಕರಿಂದ, ಗ್ರಾಮ ಪಂಚಾಯಿತಿಗಳಿಂದ, ಅಂಗನವಾಡಿ ಕಾರ್ಯಕರ್ತೆಯರಿಂದ ಸಿಕ್ಕ ನೆರವು ಮತ್ತು ಸಿಗದೆ ಹೋದ ನೆರವು ಈ ಲೇಖನದ ವಿಷಯ.

ಸರ್ಕಾರಿ ಶಾಲೆಯ ಗೇಟಿನ ಒಳಗೆ ದಿನವೂ ನಡೆಯುತ್ತಿದ್ದ ಕೆಲಸಗಳನ್ನು ಎಣಿಸಿದರೆ ಮುಚ್ಚುಗಡೆಯ ಭಾರ ಎಷ್ಟೆಂದು ತಿಳಿಯುತ್ತದೆ. ಅಲ್ಲಿ ಪಾಠ ನಡೆಯುತ್ತಿತ್ತು. ಮಧ್ಯಾಹ್ನ ಬಿಸಿಯೂಟ ಬೇಯುತ್ತಿತ್ತು. ವಾರಕ್ಕೆ ಐದು ದಿನ ಕ್ಷೀರಭಾಗ್ಯದ ಹಾಲು ಕಾಯುತ್ತಿತ್ತು. ಕಬ್ಬಿಣಾಂಶದ ಮಾತ್ರೆ, ಜಂತುಹುಳದ ಮಾತ್ರೆ, ದೊಡ್ಡ ಹುಡುಗಿಯರಿಗೆ ಶುಚಿ ಯೋಜನೆಯ ಪ್ಯಾಡು ಅಲ್ಲೇ ಸಿಗುತ್ತಿದ್ದವು. ಕೂಲಿಗೆ ಹೋದ ತಾಯಿಗೆ ಸಂಜೆ ನಾಲ್ಕರವರೆಗೆ ಮಗು ಎಲ್ಲಿದೆ ಎಂಬ ನೆಮ್ಮದಿಯೂ ಅಲ್ಲಿಂದಲೇ ಬರುತ್ತಿತ್ತು. ಎರಡು ದಿನ ಬಾರದ ಹುಡುಗಿಯನ್ನು ‘ಯಾಕಮ್ಮ ಬರಲಿಲ್ಲ’ ಎಂದು ಕೇಳುವ ಒಬ್ಬರು ಟೀಚರ್ ಇರುತ್ತಿದ್ದರು. ಇಷ್ಟೂ ಕೆಲಸ ಒಂದೇ ವಾರದಲ್ಲಿ ಮನೆಯ ಹೊಸ್ತಿಲಿಗೆ ಬಂದು ಬಿತ್ತು. ಆ ಹೊರೆ ಹೊತ್ತವರಲ್ಲಿ ಹೆಚ್ಚಿನವರು ತಾಯಂದಿರು, ಅವರ ಹಿಂದೆ ಮನೆಯ ಹಿರಿಯ ಹೆಣ್ಣುಮಕ್ಕಳು.

ಮುಚ್ಚಿದ ಕ್ರಮ, ತೆರೆದ ಕ್ರಮ

ರಾಜ್ಯದ ಮೊದಲ ಸೋಂಕು 2020ರ ಮಾರ್ಚ್ ಎರಡನೇ ವಾರ ಬೆಂಗಳೂರಿನಲ್ಲಿ ಪತ್ತೆಯಾಯಿತು. ನಗರದ ಶಿಶುವಿಹಾರಗಳಿಗೂ ಪ್ರಾಥಮಿಕ ತರಗತಿಗಳಿಗೂ ಆ ವಾರವೇ ರಜೆ ಸಾರಲಾಯಿತು. ಕಲಬುರಗಿಯಲ್ಲಿ ತೀರಿಕೊಂಡ 76 ವರ್ಷದ ವೃದ್ಧರೊಬ್ಬರ ಸಾವು ದೇಶದ ಮೊದಲ ಕೋವಿಡ್ ಸಾವೆಂದು ದಾಖಲಾಯಿತು. ಮಾರ್ಚ್ 13ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಒಂದು ವಾರದ ನಿರ್ಬಂಧ ಘೋಷಿಸಿದರು. 25ರಿಂದ ದೇಶಕ್ಕೇ ಲಾಕ್‌ಡೌನ್ ಬಂತು. ಒಂದರಿಂದ ಒಂಬತ್ತನೇ ತರಗತಿಯವರನ್ನು ವಾರ್ಷಿಕ ಪರೀಕ್ಷೆ ಇಲ್ಲದೆ ಮುಂದಕ್ಕೆ ಕಳಿಸಲಾಯಿತು. ಬೇಸಿಗೆ ರಜೆ ಸ್ವಲ್ಪ ಬೇಗ ಬಂದಿದೆ, ಜೂನ್‌ಗೆ ಎಲ್ಲ ಸರಿಹೋಗುತ್ತದೆ ಎಂದೇ ಹೆಚ್ಚಿನ ಮನೆಗಳಲ್ಲಿ ನಂಬಿದ್ದರು.

ಜೂನ್‌ನಲ್ಲಿ ತೆರೆದದ್ದು ಪರೀಕ್ಷಾ ಕೇಂದ್ರಗಳು. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗಾಗಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಜೂನ್ 25ರಿಂದ ನಡೆಯಿತು. ಶಿಕ್ಷಣ ಸಚಿವರಾಗಿದ್ದ ಎಸ್. ಸುರೇಶ್ ಕುಮಾರ್ ಇದನ್ನು ಪಟ್ಟು ಹಿಡಿದು ನಡೆಸಿದರು. ಊರಿಗೆ ಮರಳಿದ್ದ ವಲಸೆ ಕುಟುಂಬಗಳ ಮಕ್ಕಳು ತಾವಿದ್ದಲ್ಲಿಗೆ ಹತ್ತಿರದ ಕೇಂದ್ರದಲ್ಲೇ ಬರೆಯಬಹುದಾಗಿತ್ತು. ಮಾಸ್ಕ್, ಸ್ಯಾನಿಟೈಸರ್, ಬಸ್ಸುಗಳ ಏರ್ಪಾಡೂ ಆಗಿತ್ತು. ಹತ್ತನೇ ತರಗತಿಯ ಮಕ್ಕಳಿಗಾಗಿ ಇಡೀ ಆಡಳಿತ ಯಂತ್ರ ಕೆಲವೇ ವಾರಗಳಲ್ಲಿ ಇಷ್ಟು ಮಾಡಿ ತೋರಿಸಿತು ಎಂಬುದನ್ನು ಮುಂದಿನ ಮಾತುಗಳನ್ನು ಓದುವಾಗ ನೆನಪಿಡಬೇಕು.

ಹತ್ತನೇ ತರಗತಿ ಮತ್ತು ದ್ವಿತೀಯ ಪಿಯುಸಿ 2021ರ ಜನವರಿ 1ರಂದು ತೆರೆದವು. ಒಂಬತ್ತನೇ ತರಗತಿಯೂ ಪ್ರಥಮ ಪಿಯುಸಿಯೂ ಫೆಬ್ರವರಿ 1ಕ್ಕೆ, ಆರರಿಂದ ಎಂಟು ಅದೇ ತಿಂಗಳ ಕೊನೆಯ ವಾರ ಬಹುತೇಕ ಜಿಲ್ಲೆಗಳಲ್ಲಿ ತೆರೆದವು. ಏಪ್ರಿಲ್‌ನಲ್ಲಿ ಎರಡನೇ ಅಲೆ ಎದ್ದು ಎಲ್ಲವೂ ಮತ್ತೆ ಮುಚ್ಚಿತು. ಆ ವರ್ಷದ ಎಸ್‌ಎಸ್‌ಎಲ್‌ಸಿ ಜುಲೈ 19 ಮತ್ತು 22ರ ಎರಡೇ ದಿನಗಳಲ್ಲಿ, ಬಹು ಆಯ್ಕೆಯ ಪ್ರಶ್ನೆಗಳೊಂದಿಗೆ ಮುಗಿಯಿತು. ಆಗಸ್ಟ್ 23ರಿಂದ ಒಂಬತ್ತು ಮತ್ತು ಮೇಲಿನ ತರಗತಿಗಳು, ಸೆಪ್ಟೆಂಬರ್ 6ರಿಂದ ಆರರಿಂದ ಎಂಟು, ಅಕ್ಟೋಬರ್ 25ರಿಂದ ಒಂದರಿಂದ ಐದು, ನವೆಂಬರ್ 8ರಿಂದ ಎಲ್‌ಕೆಜಿ, ಯುಕೆಜಿ ಮತ್ತು ಅಂಗನವಾಡಿಗಳು ತೆರೆದವು. 2022ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಮತ್ತೆ ಕೆಲವು ವಾರ ಬೀಗ ಬಿತ್ತು. ಪೂರ್ಣ ಮತ್ತು ಭಾಗಶಃ ಮುಚ್ಚುಗಡೆ ಎರಡನ್ನೂ ಕೂಡಿಸಿ ಯುನೆಸ್ಕೊ ಹಾಕಿದ ಲೆಕ್ಕದಲ್ಲಿ ಭಾರತಕ್ಕೆ 82 ವಾರ, ಉಗಾಂಡಕ್ಕೆ 83 ವಾರ. ಜಗತ್ತಿನಲ್ಲಿ ಇಷ್ಟು ದೀರ್ಘವಾಗಿ ಶಾಲೆ ಮುಚ್ಚಿದ ದೇಶಗಳು ಬಹಳ ಕಡಿಮೆ.

ಈ ದಿನಾಂಕಗಳ ಸಾಲಿನಲ್ಲೇ ಒಂದು ದೊಡ್ಡ ತಪ್ಪಿದೆ ಎಂದು ಈ ಲೇಖಕರ ಎಣಿಕೆ. ಪುಸ್ತಕ ತೆರೆದು ತಾನೇ ಓದಿಕೊಳ್ಳಬಲ್ಲ ಹದಿನೈದರ ಹುಡುಗನಿಗೆ ಮೊದಲು ಬಾಗಿಲು ತೆರೆಯಿತು. ಅ, ಆ ತಿದ್ದಿಸಲು ಎದುರಿಗೊಬ್ಬರು ಕೂರಲೇಬೇಕಾದ ಆರು ವರ್ಷದ ಮಗುವಿಗೆ, ಊಟಕ್ಕೆ ಅಂಗನವಾಡಿಯನ್ನೇ ನೆಚ್ಚಿದ್ದ ನಾಲ್ಕು ವರ್ಷದ ಮಗುವಿಗೆ ಎಲ್ಲರಿಗಿಂತ ಕೊನೆಯಲ್ಲಿ ತೆರೆಯಿತು. ಪರೀಕ್ಷೆ ಇದ್ದವರು ಮುಂದೆ, ಅಗತ್ಯ ಇದ್ದವರು ಹಿಂದೆ ಎಂಬ ಈ ಸರತಿಯೇ ನೆರವಿನ ಹಂಚಿಕೆಯಲ್ಲೂ ಮರುಕಳಿಸಿತು.

ಊಟ

ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, 2013ರ ಪ್ರಕಾರ ಎಂಟನೇ ತರಗತಿಯವರೆಗಿನ ಮಕ್ಕಳಿಗೆ ಮಧ್ಯಾಹ್ನದ ಊಟ ಹಕ್ಕು. ಊಟ ಕೊಡಲಾಗದಿದ್ದರೆ ಅದಕ್ಕೆ ಬದಲು ಆಹಾರ ಭದ್ರತಾ ಭತ್ಯೆ ಕೊಡಬೇಕೆಂದು 2015ರ ನಿಯಮಗಳು ಹೇಳುತ್ತವೆ. ಕರ್ನಾಟಕದಲ್ಲಿ ಅಕ್ಷರ ದಾಸೋಹ ಎಂಬ ಹೆಸರಿನಲ್ಲಿ ನಡೆಯುವ ಈ ಯೋಜನೆ ರಾಜ್ಯದ ಹಣದಿಂದ ಒಂಬತ್ತು, ಹತ್ತನೇ ತರಗತಿಗೂ ವಿಸ್ತರಿಸಿದೆ. ಶಾಲೆಗಳು ಮುಚ್ಚಿದ ಕೆಲವೇ ದಿನಗಳಲ್ಲಿ, 2020ರ ಮಾರ್ಚ್ 18ರಂದು, ಸುಪ್ರೀಂ ಕೋರ್ಟ್ ತಾನಾಗಿ ವಿಷಯವನ್ನು ಕೈಗೆತ್ತಿಕೊಂಡು, ಊಟದ ಬದಲಿಗೆ ಏನು ಮಾಡಿದ್ದೀರಿ ಎಂದು ರಾಜ್ಯಗಳನ್ನು ಕೇಳಿತು. ಎರಡು ದಿನದ ಬಳಿಕ ಕೇಂದ್ರವು ಬೇಯಿಸಿದ ಊಟವನ್ನಾಗಲಿ ಭತ್ಯೆಯನ್ನಾಗಲಿ ತಲುಪಿಸುವಂತೆ ಸೂಚಿಸಿತು.

ಕರ್ನಾಟಕ ಆರಿಸಿಕೊಂಡದ್ದು ಒಣ ಪಡಿತರ: ಅಕ್ಕಿ ಅಥವಾ ಗೋಧಿ, ಜೊತೆಗೆ ತೊಗರಿಬೇಳೆ. ಮೊದಲ ವಾರಗಳ ಪಾಲು ಬೇಗ ಬಂತು. ಆಮೇಲೆ ಜೂನ್‌ನಿಂದ ತಿಂಗಳುಗಟ್ಟಲೆ ಹಂಚಿಕೆ ನಿಂತು, ಬಾಕಿ ತಿಂಗಳುಗಳದ್ದನ್ನು ಒಟ್ಟುಮಾಡಿ ಕಂತುಕಂತಾಗಿ ಕೊಡಲಾಯಿತು. ವಿಷಯ ಹೈಕೋರ್ಟ್ ಮುಂದೆಯೂ ಬಂತು. ಹಸಿವು ದಿನದ ಲೆಕ್ಕದ್ದು; ಆಗಸ್ಟ್‌ನ ಅಕ್ಕಿ ಚಳಿಗಾಲದಲ್ಲಿ ಬಂದರೆ ಆಗಸ್ಟ್‌ನ ಮಧ್ಯಾಹ್ನಗಳು ತುಂಬುವುದಿಲ್ಲ.

ಬಂದ ಪಡಿತರವಾದರೂ ಮಗುವಿನ ತಟ್ಟೆಗೆ ಎಷ್ಟು ಬಿತ್ತು ಎಂಬುದು ಇನ್ನೊಂದು ಪ್ರಶ್ನೆ. ಕಿರಿಯ ಪ್ರಾಥಮಿಕ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಹಿರಿಯ ಪ್ರಾಥಮಿಕಕ್ಕೆ 150 ಗ್ರಾಂ ಎಂಬುದು ಯೋಜನೆಯ ಅಳತೆ. ಇಪ್ಪತ್ತೈದು ಶಾಲಾ ದಿನಗಳಿಗೆ ಚಿಕ್ಕ ಮಗುವಿನ ಪಾಲು ಎರಡೂವರೆ ಕಿಲೊ. ಶಾಲೆಯಲ್ಲಿ ಆ ಪಾಲನ್ನು ಸಾಲಾಗಿ ಕೂತ ಮಗುವೇ ಉಣ್ಣುತ್ತಿತ್ತು, ಹಸಿವಿದ್ದರೆ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಿತ್ತು. ಮನೆಗೆ ಬಂದ ಎರಡೂವರೆ ಕಿಲೊ ಮನೆಯವರೆಲ್ಲರ ಪಾತ್ರೆಗೆ ಬಿತ್ತು. ಅದರಲ್ಲಿ ಯಾರ ತಪ್ಪೂ ಇಲ್ಲ. ಕೂಲಿ ನಿಂತ ಮನೆಯಲ್ಲಿ ಮಗುವಿನ ಅಕ್ಕಿ ಬೇರೆ, ಅಜ್ಜಿಯ ಅಕ್ಕಿ ಬೇರೆ ಎಂದು ಯಾವ ತಾಯಿಯೂ ಅಳೆಯಲಾರಳು. ಸಾಂಬಾರಿನ ತರಕಾರಿ, ಕಾಯಿಸಿದ ಹಾಲು ಒಣ ಪಡಿತರದ ಚೀಲದಲ್ಲಿ ಬರಲೂ ಇಲ್ಲ. 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯದ 150 ಮಿಲಿಲೀಟರ್ ಲೋಟ ಬಹುಕಾಲ ನಿಂತೇಹೋಯಿತು. ಹಾಲಿನ ಪುಡಿಯನ್ನು ಪೊಟ್ಟಣವಾಗಿ ಕೊಡುವ ಯೋಚನೆ ಬಂದದ್ದು ತಡವಾಗಿ.

ಈ ಕೊರತೆಯನ್ನು ಸ್ವಲ್ಪ ತಡೆದದ್ದು ಪಡಿತರ ವ್ಯವಸ್ಥೆ. ಅನ್ನಭಾಗ್ಯದ ಅಕ್ಕಿಯ ಮೇಲೆ, 2020ರ ಏಪ್ರಿಲ್‌ನಿಂದ ಪ್ರಧಾನಮಂತ್ರಿ ಗರೀಬ್ ಕಲ್ಯಾಣ್ ಅನ್ನ ಯೋಜನೆಯಲ್ಲಿ ತಲೆಗೆ 5 ಕಿಲೊ ಹೆಚ್ಚುವರಿ ಧಾನ್ಯ ಬಂತು. ರೇಷನ್ ಕಾರ್ಡ್ ಇದ್ದ ಮನೆ ಹೇಗೋ ನಿಭಾಯಿಸಿತು. ಕಾರ್ಡು ಊರಲ್ಲಿ, ದುಡಿಮೆ ಬೆಂಗಳೂರಿನ ಶೆಡ್ಡಿನಲ್ಲಿ ಎಂಬಂತಿದ್ದ ಕುಟುಂಬಗಳು ಕಷ್ಟಕ್ಕೆ ಬಿದ್ದವು. ಯಾದಗಿರಿ, ರಾಯಚೂರು, ಕೊಪ್ಪಳದ ಕಡೆಯಿಂದ ಗುಳೆ ಹೋದವರ ಮಕ್ಕಳ ಹೆಸರು ಊರ ಶಾಲೆಯ ಹಾಜರಿಯಲ್ಲಿ, ಮಗು ಕಟ್ಟಡದ ಕೆಲಸದ ಜಾಗದಲ್ಲಿ. ಶಾಲೆಯ ಪಾಲು ಪಡೆಯಲು ಸಹಿ ಹಾಕುವವರೇ ಊರಲ್ಲಿರಲಿಲ್ಲ.

ಅಂಗನವಾಡಿಗಳ ಕತೆ ಇದಕ್ಕಿಂತ ಮೇಲು. ರಾಜ್ಯದ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಲ್ಲಿ ಅಡುಗೆ ನಿಂತರೂ ಕಾರ್ಯಕರ್ತೆಯರೂ ಸಹಾಯಕಿಯರೂ ಆಹಾರ ಸಾಮಗ್ರಿ ಕಟ್ಟಿಕೊಂಡು ಮನೆಮನೆಗೆ ಹೋದರು. 2017ರ ಅಕ್ಟೋಬರ್‌ನಿಂದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರೂ ಬಾಣಂತಿಯರೂ ಕೇಂದ್ರಕ್ಕೇ ಬಂದು ಉಣ್ಣುತ್ತಿದ್ದರು. ಅವರ ಪಾಲೂ ಮನೆಗೇ ಹೋಯಿತು. ಅದೇ ಕೈಗಳು ಸೋಂಕಿತರ ಸಮೀಕ್ಷೆಯನ್ನೂ ಮಾಡುತ್ತಿದ್ದವು. ಬಿಸಿಯೂಟದ ಅಡುಗೆಯವರ ಪಾಡು ಬೇರೆಯೇ. ಒಂದು ಲಕ್ಷಕ್ಕೂ ಹೆಚ್ಚಿದ್ದ ಈ ಹೆಂಗಸರಿಗೆ ಸಿಗುತ್ತಿದ್ದದ್ದು ತಿಂಗಳಿಗೆ ಮೂರು ಸಾವಿರ ರೂಪಾಯಿಯೂ ತುಂಬದ ಗೌರವಧನ. ಒಲೆ ಆರಿದ ಮೇಲೆ ಅದೂ ತಡವಾಗಿ, ಹೋರಾಡಿದ ನಂತರ ಬರುವಂತಾಯಿತು. ಅವರಲ್ಲಿ ಬಹಳ ಮಂದಿಯ ಮಕ್ಕಳು ಅದೇ ಶಾಲೆಯಲ್ಲಿ ಓದುತ್ತಿದ್ದರು: ಒಂದೇ ಮನೆಯಲ್ಲಿ ಮಗುವಿನ ಊಟವೂ ನಿಂತಿತು, ತಾಯಿಯ ಸಂಪಾದನೆಗೂ ಕುತ್ತು ಬಂತು.

2021ರ ಮೇ ತಿಂಗಳಲ್ಲಿ ಕೇಂದ್ರವು ದೇಶದ 11.8 ಕೋಟಿ ಮಕ್ಕಳ ಖಾತೆಗೆ ಅಡುಗೆ ವೆಚ್ಚದ ಹಣ ಹಾಕಲು ಸುಮಾರು 1,200 ಕೋಟಿ ರೂಪಾಯಿ ಪ್ರಕಟಿಸಿತು. ಭಾಗಿಸಿ ನೋಡಿದರೆ ಮಗುವಿಗೆ ನೂರು ರೂಪಾಯಿ, ಅದೂ ಒಂದೇ ಸಲ. ಬಿಸಿಯೂಟ ಮತ್ತೆ ಬೆಂದದ್ದು ಆ ವರ್ಷದ ದಸರಾ ರಜೆ ಕಳೆದ ಮೇಲೆ.

ಪಾಠ

ಪಟ್ಟಣದ ಖಾಸಗಿ ಶಾಲೆಗಳು ಲಾಕ್‌ಡೌನ್ ಮುಗಿಯುವ ಮೊದಲೇ ಮೊಬೈಲಿನಲ್ಲಿ ತರಗತಿ ಶುರುಮಾಡಿದ್ದವು. ಮೂರೂವರೆ ವರ್ಷದ ಮಕ್ಕಳನ್ನೂ ಪರದೆಯ ಮುಂದೆ ಕೂರಿಸಿದ ಬಗ್ಗೆ ದೂರುಗಳು ಹೆಚ್ಚಿದಾಗ, 2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಎಲ್‌ಕೆಜಿಯಿಂದ ಐದನೇ ತರಗತಿಯವರೆಗೆ ಆನ್‌ಲೈನ್ ಪಾಠವನ್ನೇ ನಿಷೇಧಿಸಿತು. ಪ್ರೊ. ಎಂ.ಕೆ. ಶ್ರೀಧರ್ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯನ್ನೂ ರಚಿಸಿತು. ಜುಲೈ 8ರಂದು ಹೈಕೋರ್ಟ್ ನಿಷೇಧಕ್ಕೆ ತಡೆ ನೀಡಿತು. ಶಿಕ್ಷಣ ಪಡೆಯುವ ಮೂಲಭೂತ ಹಕ್ಕಿಗೆ ಆದೇಶ ಅಡ್ಡಬರುತ್ತದೆ ಎಂಬುದು ಪೀಠದ ನಿಲುವು. ಸಮಿತಿಯು ವಯಸ್ಸಿಗೆ ತಕ್ಕಂತೆ ಪರದೆಯ ಹೊತ್ತಿಗೆ ಮಿತಿ ಸೂಚಿಸಿತು. ವಾದದ ಎರಡೂ ಕಡೆಯವರ ಕಾಳಜಿ ನಿಜವಾದದ್ದೇ. ಆದರೆ ಸರ್ಕಾರಿ ಶಾಲೆಯ ಮನೆಗಳಿಗೆ ಅದರಿಂದ ಹೆಚ್ಚೇನೂ ಆಗಲಿಲ್ಲ. ಅವರಲ್ಲಿ ಬಹಳ ಮಂದಿಗೆ ನಿಷೇಧಿಸಲು ತಕ್ಕ ಫೋನೇ ಇರಲಿಲ್ಲ. ಇದ್ದ ಒಂದು ಸ್ಮಾರ್ಟ್‌ಫೋನ್ ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತಿತ್ತು, ಸಂಜೆ ಬಂದಾಗ ಕರೆನ್ಸಿ ಮುಗಿದಿರುತ್ತಿತ್ತು, ಮಕ್ಕಳು ಮೂವರಿದ್ದರೆ ಫೋನ್ ಹೆಚ್ಚಾಗಿ ಗಂಡುಮಗುವಿನ ಕೈಗೆ ಹೋಗುತ್ತಿತ್ತು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು 2020ರಲ್ಲಿ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ ಸರ್ಕಾರಿ ಶಾಲೆಗಳಲ್ಲಿ ವಿಚಾರಿಸಿದಾಗ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಕ್ಕಳಿಗೆ ಆನ್‌ಲೈನ್ ಪಾಠ ಎಟುಕದು ಎಂದು ತಿಳಿಯಿತು.

ಮಲೆನಾಡು, ಕರಾವಳಿಯ ಘಟ್ಟದಂಚಿನಲ್ಲಿ ಫೋನಿದ್ದರೂ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಮಕ್ಕಳು ಗುಡ್ಡ ಹತ್ತಿದರು, ರಸ್ತೆಯಂಚಿನಲ್ಲಿ ಟಾರ್ಪಾಲು ಕಟ್ಟಿ ಕೂತರು. ದಕ್ಷಿಣ ಕನ್ನಡದ ಹಳ್ಳಿಯೊಂದರಲ್ಲಿ ಸುರಿವ ಮಳೆಯಲ್ಲಿ ಪಾಠ ಕೇಳುತ್ತಿದ್ದ ಮಗಳಿಗೆ ಕೊಡೆ ಹಿಡಿದು ನಿಂತ ತಂದೆಯ ಚಿತ್ರವನ್ನು 2021ರ ಮಳೆಗಾಲದಲ್ಲಿ ನಾಡೆಲ್ಲ ನೋಡಿತು. ಆ ತಂದೆಯ ಅಕ್ಕರೆಗೆ ಕೈಮುಗಿಯಬೇಕು. ಅಂಥ ಚಿತ್ರವೊಂದು ಹುಟ್ಟಬೇಕಾಯಿತಲ್ಲ ಎಂಬ ನೋವು ಅದರ ಜೊತೆಗೇ ಉಳಿಯುತ್ತದೆ.

ಟಿವಿಯ ದಾರಿ ಇದಕ್ಕಿಂತ ಅಗಲವಾಗಿತ್ತು. ದೂರದರ್ಶನ ಚಂದನದಲ್ಲಿ 2020ರ ಜುಲೈ 20ರಿಂದ ಎಂಟರಿಂದ ಹತ್ತನೇ ತರಗತಿಗೆ ಸೇತುಬಂಧ ಪಾಠಗಳು, ಬಳಿಕ ಸಂವೇದ ಎಂಬ ಹೆಸರಿನಲ್ಲಿ ಪಠ್ಯದ ಪಾಠಗಳು ಬಂದವು. ಮಕ್ಕಳ ವಾಣಿ ಎಂಬ ಯೂಟ್ಯೂಬ್ ವಾಹಿನಿ ಕತೆ, ಹಾಡು, ಚಿತ್ರಕಲೆ ಕೊಟ್ಟಿತು. ನಿಗದಿತ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗದಿದ್ದರೆ, ಮನೆಯಲ್ಲಿ ಟಿವಿ ಇದ್ದರೆ ಚಂದನ ಉಪಕಾರಿ. ಗದಗ ಜಿಲ್ಲೆಯ ತಾಯಿಯೊಬ್ಬರು ಮಕ್ಕಳ ಪಾಠಕ್ಕಾಗಿ ತಾಳಿ ಅಡವಿಟ್ಟು ಟಿವಿ ತಂದ ಸುದ್ದಿ ಆ ದಿನಗಳಲ್ಲಿ ಬಂತು. ಸುದ್ದಿಯಾದ ಮೇಲೆ ನೆರವಿನ ಕೈಗಳು ಚಾಚಿದವು. ಸುದ್ದಿಯಾಗದೆ ಉಳಿದ ಅಡವು ಚೀಟಿಗಳನ್ನು ಯಾರೂ ಎಣಿಸಿಲ್ಲ.

ಈ ಅವಧಿಯ ಅತ್ಯಂತ ಮಹತ್ವದ ಪ್ರಯತ್ನ ವಿದ್ಯಾಗಮ. ಅದಕ್ಕೂ ಮೊದಲೇ ಹಲವೆಡೆ ಮೇಷ್ಟ್ರುಗಳು ತಾವಾಗಿಯೇ ಹಳ್ಳಿಗೆ ಹೋಗಿ ಗುಡಿಯ ಪೌಳಿ, ಅರಳಿಕಟ್ಟೆ, ಸಮುದಾಯ ಭವನ, ಯಾರದೋ ಮನೆಯ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿ ಪಾಠ ಹೇಳುತ್ತಿದ್ದರು. ಜನ ಅದನ್ನು ವಠಾರ ಶಾಲೆ ಎಂದು ಕರೆದರು. 2020ರ ಆಗಸ್ಟ್‌ನಲ್ಲಿ ಶಿಕ್ಷಣ ಇಲಾಖೆ ಅದಕ್ಕೊಂದು ಚೌಕಟ್ಟು ಹಾಕಿತು. ಫೋನೇ ಇಲ್ಲದವರು, ಇಂಟರ್ನೆಟ್ ಇಲ್ಲದ ಫೋನ್ ಇದ್ದವರು, ಇಂಟರ್ನೆಟ್ ಇದ್ದವರು ಎಂದು ಮಕ್ಕಳನ್ನು ವಿಂಗಡಿಸಿ, ಇಪ್ಪತ್ತು–ಇಪ್ಪತ್ತೈದು ಮಕ್ಕಳಿಗೆ ಒಬ್ಬರು ಮಾರ್ಗದರ್ಶಿ ಶಿಕ್ಷಕರನ್ನು ಗೊತ್ತುಮಾಡಿತು. ಶಿಕ್ಷಕರು ವಾರದಲ್ಲಿ ಕೆಲವು ದಿನ ಊರಿಗೆ ಬಂದು ಹಿಂದಿನ ಕೆಲಸ ನೋಡಿ, ಮುಂದಿನದನ್ನು ಕೊಟ್ಟು ಹೋಗುತ್ತಿದ್ದರು.

ವಿದ್ಯಾಗಮದಿಂದ ಎಷ್ಟು ಪಾಠವಾಯಿತು ಎಂದು ಕೇಳಿದರೆ ಉತ್ತರ ಸಾಧಾರಣವೇ. ಆದರೆ ಅದರೊಂದಿಗೆ ಬಂದ ಇನ್ನೊಂದನ್ನು ಮರೆಯಬಾರದು. ಶಿಕ್ಷಕರು ಬೀದಿಗೆ ಬಂದಾಗ ಯಾವ ಮನೆಯಲ್ಲಿ ಒಲೆ ಉರಿಯುತ್ತಿಲ್ಲ, ಯಾವ ಹುಡುಗ ಕುರಿ ಹಿಂದೆ ಹೋಗಿದ್ದಾನೆ, ಯಾವ ಹುಡುಗಿಗೆ ಗಂಡು ನೋಡುತ್ತಿದ್ದಾರೆ ಎಂಬುದು ಕಣ್ಣಿಗೆ ಬೀಳುತ್ತಿತ್ತು. ಮಾತಿಗೊಬ್ಬರು ಸಿಕ್ಕರು ಎಂಬ ಸಮಾಧಾನ ತಾಯಂದಿರಿಗೂ ಇತ್ತು. ಮುಚ್ಚುಗಡೆಯ ಕಾಲದಲ್ಲಿ ನಿಜಕ್ಕೂ ತಲುಪಿದ ನೆರವೆಲ್ಲ ಹೀಗೆ ಕಾಲ್ನಡಿಗೆಯಲ್ಲಿ ಬಾಗಿಲಿಗೆ ಬಂದ ನೆರವು: ಅಂಗನವಾಡಿ ಕಾರ್ಯಕರ್ತೆ, ಆಶಾ ಆರೋಗ್ಯ ಕಾರ್ಯಕರ್ತೆ, ಮೇಷ್ಟ್ರು. ಯಂತ್ರವನ್ನು ನೆಚ್ಚಿದ ನೆರವು ಯಂತ್ರ ಇದ್ದ ಮನೆಯ ಹೊಸ್ತಿಲಲ್ಲೇ ನಿಂತಿತು.

ವಿದ್ಯಾಗಮ ಬಹಳ ದಿನ ನಡೆಯಲಿಲ್ಲ. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ, ಶಿಕ್ಷಕರು ತೀರಿಕೊಂಡ ವರದಿಗಳು ಬಂದವು, ವಿರೋಧ ಬಲವಾಯಿತು. ಅಕ್ಟೋಬರ್ 10ರಂದು ಕಾರ್ಯಕ್ರಮವನ್ನು ನಿಲ್ಲಿಸಿ, 12ರಿಂದ 30ರವರೆಗೆ ಮಧ್ಯಂತರ ರಜೆ ಕೊಡಲಾಯಿತು. ಯಾವ ರಕ್ಷಣೆಯೂ ಇಲ್ಲದೆ ಶಿಕ್ಷಕರನ್ನು ಊರೂರು ತಿರುಗಿಸಿದ್ದು ನಿಜವಾದ ತಪ್ಪು, ಅವರ ಮನೆಯವರ ಸಿಟ್ಟು ನ್ಯಾಯವಾದದ್ದು. ತಿದ್ದಿ ಮುಂದುವರಿಸುವ ದಾರಿ ಇತ್ತು. 2021ರ ಜನವರಿಯಲ್ಲಿ ಶಾಲೆಯ ಆವರಣದಲ್ಲೇ ಮತ್ತೆ ಆರಂಭವಾದಾಗ ಆರನೇ ತರಗತಿಗಿಂತ ಚಿಕ್ಕವರನ್ನು ಕರೆಯಲಿಲ್ಲ.

ಇದೇ ನಡುವೆ, ಅಷ್ಟಾಗಿ ಸದ್ದಿಲ್ಲದೆ ಒಂದು ಒಳ್ಳೆಯ ಕೆಲಸ ನಡೆಯಿತು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಶಾಲೆ ಮುಚ್ಚುವ ಹಿಂದಿನ ವರ್ಷವಷ್ಟೇ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದಿದ್ದವು. ರಾಜ್ಯದಲ್ಲಿ ಅವು ಐದು ಸಾವಿರಕ್ಕೂ ಹೆಚ್ಚು. 2020ರ ಮಕ್ಕಳ ದಿನದ ಹೊತ್ತಿಗೆ ‘ಓದುವ ಬೆಳಕು’ ಎಂಬ ಹೆಸರಿನಲ್ಲಿ ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ಅಭಿಯಾನ ಆರಂಭವಾಯಿತು. ಸುಣ್ಣ ಮಾಸಿದ, ದಿನಪತ್ರಿಕೆ ಓದುವ ಹಿರಿಯರಷ್ಟೇ ಬರುತ್ತಿದ್ದ ಕೋಣೆಗಳಿಗೆ ಬಣ್ಣ ಬಳಿದರು, ದಾನಿಗಳಿಂದ ಕತೆಪುಸ್ತಕ ತರಿಸಿದರು. ಶಾಲೆ ತೆರೆದ ಮೇಲೂ ಉಳಿದುಕೊಂಡ ಕೆಲವೇ ಏರ್ಪಾಡುಗಳಲ್ಲಿ ಇದೊಂದು. ಇಂದಿನ ಅರಿವು ಕೇಂದ್ರಗಳ ಬೇರು ಅಲ್ಲಿದೆ.

ಮನೆಯ ಒಳಗೆ

ಗಾರ್ಮೆಂಟ್ಸ್‌ಗೆ, ಮನೆಗೆಲಸಕ್ಕೆ, ಹೊಲದ ಕೂಲಿಗೆ ಹೋಗುವ ತಾಯಂದಿರಿಗೆ ಲಾಕ್‌ಡೌನ್ ಸಡಿಲವಾದ ಮೇಲೆ ದುಡಿಮೆ ಮರಳಿತು, ಶಾಲೆ ಮರಳಲಿಲ್ಲ. ಐದು ವರ್ಷದ ಮಗುವನ್ನು ಬಿಟ್ಟು ಹೋಗುವುದೆಲ್ಲಿ? ಇದಕ್ಕೆ ಆ ದಿನಗಳಲ್ಲಿ ಯಾವ ಯೋಜನೆಯೂ ಉತ್ತರ ಕೊಡಲಿಲ್ಲ. ಉತ್ತರವಾದದ್ದು ಹನ್ನೆರಡರ ಅಕ್ಕ. ಅವಳು ತಮ್ಮನನ್ನು ನೋಡಿಕೊಂಡಳು, ನೀರು ತಂದಳು, ಅನ್ನಕ್ಕಿಟ್ಟಳು. ಶಾಲೆ ತೆರೆದಾಗ ಅವಳಿಲ್ಲದೆ ಮನೆ ನಡೆಯದಂತಾಗಿತ್ತು. ನೆರವಿನ ದಾಖಲೆಗಳಲ್ಲಿ ಅವಳ ಹೆಸರಿಗೆ ಒಂದು ಅಂಕಣವೂ ಇಲ್ಲ.

ಬಾಲ್ಯವಿವಾಹದ ಭಯ ಹೆಚ್ಚಿತು. ಮದುವೆಗೆ ಐವತ್ತೇ ಜನ ಎಂಬ ನಿರ್ಬಂಧ ಇದ್ದಾಗ ಖರ್ಚು ಕಡಿಮೆ, ನೋಡುವ ಕಣ್ಣೂ ಕಡಿಮೆ. ಸಾಮಾನ್ಯ ದಿನಗಳಲ್ಲಿ ಇಂಥ ಸುಳಿವು ಮೊದಲು ಸಿಗುತ್ತಿದ್ದದ್ದು ತರಗತಿಯಲ್ಲಿ, ಗೆಳತಿಯರ ಬಾಯಿಂದ. ಆ ದಾರಿ ಮುಚ್ಚಿದಾಗ ಮಕ್ಕಳ ಸಹಾಯವಾಣಿ 1098, ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು, ಪೊಲೀಸರು ಎಷ್ಟೋ ಮದುವೆಗಳನ್ನು ತಡೆದರು. ತಡೆದವು ತಿಳಿದುಬಂದವು, ನಡೆದುಹೋದವುಗಳ ಬಗ್ಗೆ ಹಾಗೆ ಹೇಳಲಾಗದು. ಮೂರನೇ ಅಲೆ ಎದುರಿಸಲು ಸರ್ಕಾರ ರಚಿಸಿದ್ದ ಡಾ. ದೇವಿ ಶೆಟ್ಟಿ ನೇತೃತ್ವದ ಸಮಿತಿ 2021ರ ಜೂನ್‌ನಲ್ಲಿ, ಶಾಲೆ ಹೀಗೇ ಮುಚ್ಚಿದ್ದರೆ ಮಕ್ಕಳು ಅಪೌಷ್ಟಿಕತೆ, ದುಡಿಮೆ, ಬಾಲ್ಯವಿವಾಹಗಳ ಪಾಲಾಗುತ್ತಾರೆಂದು ಎಚ್ಚರಿಸಿತು. ವೈದ್ಯರ ಸಮಿತಿಯೇ ಈ ಮಾತು ಹೇಳಿದ್ದರಿಂದ ಅದಕ್ಕೆ ತೂಕ ಬಂತು.

ಅಂಗವೈಕಲ್ಯವಿರುವ ಮಕ್ಕಳ ಮನೆಗಳಲ್ಲಿ ಫಿಸಿಯೊಥೆರಪಿ, ಮಾತಿನ ತರಬೇತಿ ನಿಂತು, ವರ್ಷಗಟ್ಟಲೆ ದುಡಿದು ಗಳಿಸಿದ ಚಲನೆ ಮರಳಿ ಕೈಬಿಟ್ಟಿತು. ಮನೆಯೊಳಗಿನ ಮನಸ್ಸಿನ ಕಷ್ಟಗಳಿಗೆ ಸಿಕ್ಕ ನೆರವು ಫೋನಿನದು: ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಮಾನಸಿಕ ನೆರವಿಗೆ ರಾಷ್ಟ್ರಮಟ್ಟದ ದೂರವಾಣಿ ಸೇವೆ ನಡೆಸಿತು.

ಶುಲ್ಕ, ಸಂಬಳ, ಅನಾಥ ಮಕ್ಕಳು

ಖಾಸಗಿ ಶಾಲೆಯ ಶುಲ್ಕದ ಜಗಳ ಪತ್ರಿಕೆಗಳಲ್ಲಿ ಹೆಚ್ಚು ಜಾಗ ಪಡೆಯಿತು. ಬೋಧನಾ ಶುಲ್ಕದ ನೂರಕ್ಕೆ 70 ಭಾಗ ಮಾತ್ರ ಪಡೆಯಬೇಕೆಂದು 2021ರ ಜನವರಿ 29ರಂದು ಸರ್ಕಾರ ಆದೇಶಿಸಿತು. ಆಡಳಿತ ಮಂಡಳಿಗಳು ನ್ಯಾಯಾಲಯಕ್ಕೆ ಹೋದವು. ಸುಪ್ರೀಂ ಕೋರ್ಟ್ ರಾಜಸ್ಥಾನದ ಪ್ರಕರಣದಲ್ಲಿ ಹೇಳಿದ್ದಂತೆ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಶೇ 15ರ ರಿಯಾಯಿತಿಗೆ ಅದನ್ನು ಇಳಿಸಿತು. ಎರಡರ ನಡುವೆ ಸಿಕ್ಕಿದವರು ಸಣ್ಣ ಖಾಸಗಿ ಶಾಲೆಗಳ ಶಿಕ್ಷಕರು. ಸಂಬಳ ನಿಂತು ತರಕಾರಿ ಮಾರಿದ, ನರೇಗಾ ಕೆಲಸಕ್ಕೆ ಹೋದ ಶಿಕ್ಷಕರಿದ್ದರು. ಅವರಿಗೆ 2021ರ ಜೂನ್‌ನ ಪ್ಯಾಕೇಜ್‌ನಲ್ಲಿ ತಲಾ 5,000 ರೂಪಾಯಿ ಬಂತು. ಶುಲ್ಕ ಕಟ್ಟಲಾಗದ ಎಷ್ಟೋ ತಂದೆತಾಯಂದಿರು ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸಿದರು.

ಹೆತ್ತವರಿಬ್ಬರನ್ನೂ ಕೋವಿಡ್‌ಗೆ ಕಳೆದುಕೊಂಡ ಮಕ್ಕಳಿಗಾಗಿ 2021ರ ಮೇ ಕೊನೆಯಲ್ಲಿ ಎರಡು ಯೋಜನೆಗಳು ಬಂದವು. ರಾಜ್ಯದ ಬಾಲ ಸೇವಾ ಯೋಜನೆಯಲ್ಲಿ ಪೋಷಕರಿಗೆ ತಿಂಗಳಿಗೆ 3,500 ರೂಪಾಯಿ, ವಸತಿ ಶಾಲೆಯಲ್ಲಿ ಓದು, ಹೆಣ್ಣುಮಕ್ಕಳಿಗೆ 21 ತುಂಬಿದಾಗ ಒಂದು ಲಕ್ಷ. ಕೇಂದ್ರದ ಪಿಎಂ ಕೇರ್ಸ್ ಯೋಜನೆಯಲ್ಲಿ 23ನೇ ವಯಸ್ಸಿಗೆ 10 ಲಕ್ಷ.

ಬೇರೆಡೆಯ ದಾರಿಗಳು

ಶಾಲೆ ಮುಚ್ಚಿ ಮನೆಗೆ ಪಾಠ ಕಳಿಸುವುದು ಹೊಸತಲ್ಲ. 1937ರಲ್ಲಿ ಪೋಲಿಯೊ ಹರಡಿದಾಗ ಷಿಕಾಗೊ ನಗರ ಮೂರು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ರೇಡಿಯೊದಲ್ಲಿ ಪಾಠ ಮಾಡಿತು. 2020ರಲ್ಲಿ ಇಂಗ್ಲೆಂಡ್ ಬಿಸಿಯೂಟದ ಬದಲಿಗೆ ಮಗುವಿಗೆ ವಾರಕ್ಕೆ 15 ಪೌಂಡಿನ ವೋಚರ್ ಕೊಟ್ಟಿತು. ಬೇಸಿಗೆ ರಜೆಯಲ್ಲಿ ಅದನ್ನು ನಿಲ್ಲಿಸಹೊರಟಾಗ ಫುಟ್‌ಬಾಲ್ ಆಟಗಾರ ಮಾರ್ಕಸ್ ರ‍್ಯಾಷ್‌ಫರ್ಡ್ ಬರೆದ ಬಹಿರಂಗ ಪತ್ರ ಸರ್ಕಾರದ ಮನಸ್ಸು ಬದಲಿಸಿತು.

ನಮಗೆ ಹತ್ತಿರದ ಹೋಲಿಕೆ ಕೇರಳ. ಅಲ್ಲಿ ಶಾಲಾ ವರ್ಷ ಎಂದಿನಂತೆ 2020ರ ಜೂನ್ 1ಕ್ಕೇ ಆರಂಭವಾಯಿತು, ಕೈಟ್ ವಿಕ್ಟರ್ಸ್ ವಾಹಿನಿಯ ‘ಫಸ್ಟ್ ಬೆಲ್’ ಪಾಠಗಳ ಮೂಲಕ. ಟಿವಿ ಇಲ್ಲದ ಮಕ್ಕಳಿಗೆ ಗ್ರಂಥಾಲಯ, ಅಂಗನವಾಡಿಗಳಲ್ಲಿ ಒಟ್ಟಿಗೆ ಕೂತು ನೋಡುವ ಏರ್ಪಾಡಿತ್ತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಕನ್ನಡದಲ್ಲೂ ಪಾಠಗಳನ್ನು ಮಾಡಿ ಇಂಟರ್ನೆಟ್‌ನಲ್ಲಿ ಬಿಟ್ಟರು. ಮುಖ್ಯ ವಾಹಿನಿಯ ಸಮಯ ಮಲಯಾಳಕ್ಕೆ, ಕನ್ನಡಕ್ಕೆ ಯೂಟ್ಯೂಬ್: ಫೋನಿಲ್ಲದ ಗಡಿನಾಡ ಕನ್ನಡದ ಮಗುವಿಗೆ ಎರಡು ಪಟ್ಟು ಕಷ್ಟ.

ತೆರೆದ ಮೇಲೆ

ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ 2021ರ ಅಧ್ಯಯನ ಐದು ರಾಜ್ಯಗಳ 16,067 ಮಕ್ಕಳನ್ನು ಪರೀಕ್ಷಿಸಿ, ನೂರಕ್ಕೆ 92 ಮಕ್ಕಳು ಭಾಷೆಯಲ್ಲಿ, 82 ಮಕ್ಕಳು ಗಣಿತದಲ್ಲಿ ಹಿಂದಿನ ವರ್ಷ ಬರುತ್ತಿದ್ದ ಒಂದಾದರೂ ಕೌಶಲವನ್ನು ಮರೆತಿದ್ದಾರೆಂದು ತೋರಿಸಿತು. ಅಸರ್ ಸಮೀಕ್ಷೆಯಂತೆ ಗ್ರಾಮೀಣ ಕರ್ನಾಟಕದ ಮೂರನೇ ತರಗತಿಯಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ನೂರಕ್ಕೆ 19. 2022ರಲ್ಲಿ ಆ ಸಂಖ್ಯೆ 10ಕ್ಕಿಂತ ಕೆಳಗಿತ್ತು. ಮೊದಲೇ ಅದು ಕಡಿಮೆ ಇತ್ತು ಎಂಬುದನ್ನೂ ಇಲ್ಲಿ ಗಮನಿಸಬೇಕು.

ಬಿ.ಸಿ. ನಾಗೇಶ್ ಶಿಕ್ಷಣ ಸಚಿವರಾಗಿದ್ದಾಗ 2022–23ನೇ ಸಾಲನ್ನು ಕಲಿಕಾ ಚೇತರಿಕೆ ವರ್ಷವೆಂದು ಸಾರಲಾಯಿತು. ಎಂದಿನದಕ್ಕಿಂತ ಎರಡು ವಾರ ಮೊದಲೇ, ಮೇ 16ರಂದು ಶಾಲೆ ತೆರೆಯಿತು. ಮೊದಲ ದಿನಗಳಲ್ಲಿ ಮಳೆಬಿಲ್ಲು ಎಂಬ ಹೆಸರಿನಲ್ಲಿ ಆಟ, ಹಾಡು, ಕತೆ. ಆಮೇಲೆ ಒಂದರಿಂದ ಒಂಬತ್ತನೇ ತರಗತಿಯವರೆಗೆ ಹಿಂದಿನ ಎರಡು ವರ್ಷ ತಪ್ಪಿದ್ದನ್ನು ಕಲಿಕಾ ಹಾಳೆಗಳ ಮೂಲಕ ಕಲಿಸುವ ಯತ್ನ. ಹಿಂದೆ ಬಿದ್ದವರ ಕೈ ಹಿಡಿಯುವುದನ್ನು ಇಡೀ ರಾಜ್ಯದ ಪಠ್ಯಕ್ರಮವನ್ನಾಗಿ ಮಾಡಿದ್ದು ಮೆಚ್ಚಬೇಕಾದ ನಿರ್ಧಾರ. ಒಂದೇ ವರ್ಷ ಸಾಕೆಂದು ಎಣಿಸಿದ್ದು ಅದರ ಕೊರತೆ.

ಊಟದಲ್ಲೂ ಒಂದು ಹೆಜ್ಜೆ ಮುಂದಾಯಿತು. 2021ರ ಡಿಸೆಂಬರ್‌ನಿಂದ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಶಾಲಾ ಮಕ್ಕಳಿಗೆ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಕೊಡಲು ಆರಂಭಿಸಿದರು. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವು ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನೂ ಸಿಗದ ಗದಗದ ಮಕ್ಕಳನ್ನೂ ತೂಗಿ ನೋಡಿದಾಗ ಯಾದಗಿರಿಯವರ ತೂಕ ಹೆಚ್ಚು ಏರಿತ್ತು. ಮರುವರ್ಷ ಯೋಜನೆ ಇಡೀ ರಾಜ್ಯಕ್ಕೆ ಹರಡಿತು.

2020ರಲ್ಲಿ ಒಂದನೇ ತರಗತಿಗೆ ಹೆಸರು ಬರೆಸಿ, ತರಗತಿಯ ಒಳಗೆ ಒಂದು ದಿನವೂ ಕೂರದೆ ಎರಡನೆಯದಕ್ಕೆ ಹೋದ ಮಕ್ಕಳು 2030ರಲ್ಲಿ ಎಸ್‌ಎಸ್‌ಎಲ್‌ಸಿ ಬರೆಯುತ್ತಾರೆ.